ಮಾವನ ಬಾಯಿಗೆ ಒಂದು ಷರತ್ತು

ನಮ್ಮ ಸರ್ವೆ ಕಚೇರಿಯಲ್ಲಿ ಬೆಲೆಬಾಳುವ ಯಂತ್ರಗಳಿವೆ. ಬಿಸಿಲಿಗೆ ಛತ್ರಿ ಹಿಡಿದು ಅವನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತೇವೆ. ಅವುಗಳಿಂದ ನಮಗೆ ಯಾವತ್ತೂ ತೊಂದರೆಯಾಗಿಲ್ಲ. ತೊಂದರೆಯೆಲ್ಲ ನಮ್ಮ ಮಾವನ ಬಾಯಿಂದ.

ಮಾವನೆಂದರೆ ನನ್ನ ಗಂಡನ ತಂದೆ, ಈ ಕಚೇರಿಯ ಮಾಲೀಕರು. ಜಾಗ ಅಳೆಯುವುದರಲ್ಲಿ ಅವರದು ಕೂದಲೆಳೆಯಷ್ಟೂ ತಪ್ಪದ ಕೈ. ಆದರೆ ಎದುರಿಗೆ ಕೂತವರ ಮುಖ ಸ್ವಲ್ಪ ಬಾಡಿದರೆ ಸಾಕು, ಕರಗಿ ನೀರಾಗುತ್ತಾರೆ. "ನಾನಿದ್ದೀನಲ್ಲ, ಬಿಡಿ" ಎಂದುಬಿಡುತ್ತಾರೆ. ಗಡಿಕಲ್ಲು ಸಿಗದಿದ್ದರೂ ಅದೇ ಮಾತು, ಪಕ್ಕದ ಮನೆಯವರು ಕೋರ್ಟಿಗೆ ಹೋಗುತ್ತೇವೆಂದರೂ ಅದೇ ಮಾತು. ಕರಾರು ಪತ್ರಗಳನ್ನು ನೋಡಿಕೊಳ್ಳುವವಳು ನಾನು. ಪುಟಗಟ್ಟಲೆ ಬರೆದ ನನ್ನ ಎಚ್ಚರಿಕೆಗಳನ್ನೆಲ್ಲ ಅವರು ಆ ಒಂದು ಮಾತಿನಲ್ಲಿ ಗುಡಿಸಿ ಹಾಕುತ್ತಾರೆ.

ಜಾಗ ಅಳೆಸಲು ಬಂದಿದ್ದ ಒಬ್ಬ ಬೇಕರಿಯವರಿಗೂ ಹೀಗೇ ಹೇಳಿದ್ದರು. ಆ ಪುಣ್ಯಾತ್ಮ ನಕ್ಷೆ ಕೈಸೇರುವ ಮೊದಲೇ ಕಾಂಪೌಂಡು ಗೋಡೆ ಎಬ್ಬಿಸಿಬಿಟ್ಟ. ಗೋಡೆ ಪಕ್ಕದವರ ಜಾಗದೊಳಗೆ ಹೋಗಿ ನಿಂತಿತು. ಒಡೆಸಬೇಕಾಗಿ ಬಂದಾಗ ಅವನ ವಕೀಲರ ನೋಟಿಸು ಬಂದದ್ದು ನಮಗೆ, "ಮಾಲೀಕರು ನಾನಿದ್ದೇನೆ ಎಂದು ಭರವಸೆ ನೀಡಿದ್ದರಿಂದ" ಎಂಬ ಒಕ್ಕಣೆಯ ಸಮೇತ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಮಾವ ಮಾತ್ರ, "ಪಾಪ, ಗೋಡೆ ಚೆನ್ನಾಗಿ ಕಟ್ಟಿಸಿದ್ದ" ಎಂದರು.

ಅದೇನೋ ರಾಜಿಯಲ್ಲಿ ಮುಗಿಯಿತು. ಆದರೆ ವಿಮಾ ಕಂಪನಿಯವರಿಗೆ ಸುದ್ದಿ ಮುಟ್ಟಿತು. ನಮ್ಮ ಕೆಲಸದಲ್ಲಿ ತಪ್ಪಾದರೆ ನಷ್ಟ ತುಂಬಿಕೊಡುವ ವಿಮೆಯನ್ನು ಮುಂದುವರಿಸಬೇಕಾದರೆ ತಮ್ಮ ಅಧಿಕಾರಿ ಬಂದು ನೋಡಬೇಕು ಎಂದರು. ಆ ವಿಮೆ ಇಲ್ಲದಿದ್ದರೆ ಹೊಸ ಆಸ್ಪತ್ರೆಯ ಜಾಗ ಅಳೆಯುವ ಕೆಲಸ ನಮ್ಮ ಕೈತಪ್ಪುತ್ತಿತ್ತು. ಅದೂ ತಪ್ಪಿದರೆ ಕಚೇರಿಗೆ ಬೀಗ ಹಾಕುವುದೊಂದೇ ಬಾಕಿ. ನಾನು ಕರಾರಿಗೆ ಹೊಸ ಷರತ್ತು ಸೇರಿಸಿದೆ: ಕಚೇರಿಯ ಯಾರೂ ಬಾಯಿಮಾತಿನ ಭರವಸೆ ಕೊಡತಕ್ಕದ್ದಲ್ಲ, ಕೊಟ್ಟರೂ ಅದಕ್ಕೆ ಬೆಲೆಯಿಲ್ಲ.

ಮಾವ ಅದನ್ನು ನಿಧಾನವಾಗಿ ಓದಿದರು. "ನನ್ನ ಮಾತಿಗೆ ಬೆಲೆ ಇಲ್ಲ ಅಂತ ನೀನೇ ಬರೆದ್ಯಾ?"

"ನಿಮಗೆ ಅಂತ ಅಲ್ಲ ಮಾವ. ಎಲ್ಲರಿಗೂ."

"ಇಲ್ಲಿ ಬೇರೆ ಯಾರು ಮಾತಾಡ್ತಾರೆ?"

ಅದೂ ನಿಜವೇ. ನನಗೆ ಸಂಕಟವಾಯಿತು. ಆದರೂ ಬಿಡದೆ ಸಹಿ ಹಾಕಿಸಿಕೊಂಡೆ.

ಅಧಿಕಾರಿ ಬಂದರು. ಕಂಕುಳಲ್ಲಿ ಫೈಲು, ಹರಳೆಣ್ಣೆ ಕುಡಿದಂಥ ಮುಖ. "ಇವಳು ನನ್ನ ಸೊಸೆ, ಕರಾರೆಲ್ಲ ಇವಳದೇ" ಎಂದು ಮಾವ ಪರಿಚಯಿಸಿದರು. ಅಧಿಕಾರಿ ಕುರ್ಚಿ ಎಳೆದು ಕೂತು, "ನಾನೀಗ ಗಿರಾಕಿ ಅಂದ್ಕೊಳ್ಳಿ. ನೀವು ಹೇಗೆ ಮಾತಾಡ್ತೀರ ನೋಡ್ಬೇಕು" ಎಂದರು. ನಾನು ಕಣ್ಣಲ್ಲೇ ಎಚ್ಚರಿಸಿದೆ. ಮಾವ ಒಂದು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡು ತುಟಿ ಬಿಗಿದರು.

"ನಂದೊಂದು ಮನೆ ಇದೆ. ಪಕ್ಕದ್ದು ನಮ್ಮಣ್ಣಂದು. ನಮ್ಮ ಅಡುಗೆಮನೆ ಅವನ ಜಾಗದಲ್ಲಿದೆ ಅಂತಾನೆ," ಎಂದು ಅಧಿಕಾರಿ ಶುರು ಮಾಡಿದರು.

"ಅಳೀದೆ ಹೇಳೋಕಾಗಲ್ಲ," ಎಂದರು ಮಾವ. ನನಗೆ ಹೋದ ಜೀವ ಬಂತು.

"ಒಡೆಸ್ತೀನಿ ಅಂತಾನೆ."

"ಅರ್ಜಿ ಕೊಡಿ. ಅಳೆದು ಬರವಣಿಗೇಲಿ ಕೊಡ್ತೀವಿ."

ಅಧಿಕಾರಿ ಫೈಲಿನಲ್ಲಿ ಗುರುತು ಹಾಕಿಕೊಂಡರು. ಆದರೆ ಮಾತು ನಿಲ್ಲಿಸಲಿಲ್ಲ. ಅಣ್ಣ ಮಾತು ಬಿಟ್ಟಿದ್ದಾನಂತೆ. ಅತ್ತಿಗೆ ಎದುರಾದರೆ ಮುಖ ತಿರುಗಿಸುತ್ತಾರಂತೆ. ಹೆಂಡತಿ ಒಲೆ ಮುಂದೆ ನಿಂತಾಗಲೆಲ್ಲ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಾಳಂತೆ. ಹೇಳುತ್ತ ಹೇಳುತ್ತ ಅವರು ಫೈಲಿನ ಅಂಚಿನಲ್ಲಿ ಆ ಅಡುಗೆಮನೆಯ ಗೋಡೆಯನ್ನೇ ಗೀಚತೊಡಗಿದರು. ಇದು ಪರೀಕ್ಷೆಯಲ್ಲ, ಇವರ ಸ್ವಂತ ಸಂಸಾರದ ಗೋಳು ಎಂದು ನನಗೆ ಹೊಳೆದದ್ದು ಆಗ.

ಮಾವ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ಬಾಯಲ್ಲಿ ಪೆಪ್ಪರಮೆಂಟು ಕಟಕ್ಕೆಂದು ಮುರಿದದ್ದು ನನಗೂ ಕೇಳಿಸಿತು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ತುಟಿ ಬಿಚ್ಚಲಿಲ್ಲ.

ಅಧಿಕಾರಿ ಪೆನ್ನನ್ನು ಸಹಿಯ ಜಾಗಕ್ಕೆ ತಂದು ಅಲ್ಲೇ ನಿಲ್ಲಿಸಿದರು. "ಏನೂ ಆಗಲ್ಲ ಅಲ್ವಾ ಸಾರ್?" ಎಂದರು ಸಣ್ಣ ದನಿಯಲ್ಲಿ.

ಮಾವ ನನ್ನ ಮುಖ ನೋಡಿದರು. ಷರತ್ತು ಬರೆದವಳು ನಾನು, ಸಹಿ ಹಾಕಿಸಿದವಳೂ ನಾನು. ಆದರೆ ನನ್ನ ಬಾಯಲ್ಲಿ ಪೆಪ್ಪರಮೆಂಟು ಇರಲಿಲ್ಲ.

"ನಾವಿದ್ದೀವಲ್ಲ, ಬಿಡಿ ಸಾರ್," ಎಂದುಬಿಟ್ಟೆ.

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಆಸ್ಪತ್ರೆಯ ಕೆಲಸಕ್ಕೆ ನನ್ನ ಕೈಯಾರೆ ಎಳ್ಳುನೀರು ಬಿಟ್ಟಾಗಿತ್ತು. ಅಧಿಕಾರಿ ನನ್ನನ್ನೇ ದಿಟ್ಟಿಸಿದರು, ಉದ್ದಕ್ಕೆ ಉಸಿರು ಬಿಟ್ಟರು, ಏನೋ ಗೀಚಿ ಸಹಿ ಹಾಕಿ, ಒಂದು ಪ್ರತಿ ಹರಿದುಕೊಟ್ಟು ಹೊರಟರು. ಬರುವಾಗಿನ ಮುಖ ಹೋಗುವಾಗ ಇರಲಿಲ್ಲ.

ಕಾಗದದಲ್ಲಿ ಹೀಗಿತ್ತು: ವಿಮೆ ಮುಂದುವರಿಸಬಹುದು. ಮಾಲೀಕರಿಂದ ಅಪಾಯವಿಲ್ಲ. ಸೊಸೆಯ ಮೇಲೆ ನಿಗಾ ಇರಲಿ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾತ್ರ ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ. "ನಗಬೇಡಿ ಮಾವ. ಇನ್ನೊಂದ್ಸಲ ಹೀಗಾದ್ರೆ ವಿಮೇನೇ ಕಿತ್ಕೊಳ್ತಾರೆ," ಎಂದೆ.

ಅವರು ಎದ್ದು ಹೋಗಿ ಬಾಗಿಲಾಚೆ ಇಣುಕಿದರು. ಅಧಿಕಾರಿ ರಸ್ತೆಯ ತಿರುವು ದಾಟಿದ್ದನ್ನು ಖಾತ್ರಿ ಮಾಡಿಕೊಂಡು ವಾಪಸು ಬಂದು, ಮೆಲ್ಲಗೆ, "ನಾನಿದ್ದೀನಲ್ಲ, ಬಿಡಮ್ಮ" ಎಂದರು.

ಆ ಮಾತಿಗೆ ಬೆಲೆಯಿಲ್ಲವೆಂದು ನಾನೇ ಬರೆದಿದ್ದೆ. ಆದರೂ ಅದನ್ನು ಕೇಳಿದ ಮೇಲೆ ಕಾಗದ ಮಡಚಿಟ್ಟೆ, ನನಗೂ ನಗು ಬಂತು.