ಮಜ್ಜಿಗೆ ಕೊಪ್ಪರಿಗೆ

“ಏಯ್, ಮುಟ್ಟಬ್ಯಾಡ! ನೀರು ಹಾಕ್ದೆ ಯಾವ ಮುಂಡೇನೇ ಅದನ್ನ ಒಳಗೆ ತಂದಿದ್ದು?”

ಕೊಟ್ರಬಸಪ್ಪ ಅಡಿಗೆಮನೆಯ ಆ ತುದಿಯಿಂದ ಕೂಗಿದ. ಮದುವೆ ಮಂಟಪದ ಮೇಸ್ತ್ರಿ ಅವನು. ಕೊಪ್ಪರಿಗೆಯ ಒಂದು ಬದಿ ನನ್ನ ಕೈಯಲ್ಲಿತ್ತು, ಇನ್ನೊಂದು ಬದಿ ಬಂಗಾರಮ್ಮನ ಕೈಯಲ್ಲಿ. ಸಾರು ಮಾಡಲು ಹೊತ್ತಾಯಿತು ಎಂದು ಅಡಿಗೆಯವರು ಒಂದೇ ಸಮ ಕೂಗುತ್ತಿದ್ದರು. ಆ ಆತುರಕ್ಕೆ ನಾವೇ ಹೊಸಿಲು ದಾಟಿಬಿಟ್ಟಿದ್ದೆವು.

“ಕೂಗಿದ್ರಲ್ಲಣ್ಣ, ಅದ್ಕೇ ತಂದ್ವಿ,” ಎಂದಳು ಬಂಗಾರಮ್ಮ.

“ಕೂಗಿದ್ರೆ ಹೊಸ್ಲಾಚೆ ಇಟ್ಟು ಹೋಗ್ಬೇಕು. ಕೂದ್ಲು ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ವಲ್ಲೇ ನಿಂಗೆ. ತಗೊಂಡ್ ಹೋಗ್ ಆಚೆ!”

ಹೊತ್ತುಕೊಂಡು ಹಿಂದಕ್ಕೆ ಹೋದೆವು. ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿ ದೂರ ಸರಿದು ನಿಂತೆವು. ಕೊಟ್ರಬಸಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಚೊಂಬಿನಲ್ಲಿ ನೀರು ತೆಗೆದು, ನಾವು ತೊಳೆದಿಟ್ಟ ಕೊಪ್ಪರಿಗೆಯ ಮೇಲೆ ಒಂದು ಸುತ್ತು ಸುರಿದ.

“ಹ್ಞೂಂ, ಆಯ್ತು. ತಗೊಳ್ರಪ್ಪ.”

ಒಳಗಿನವರು ಬಂದು ಎತ್ತಿಕೊಂಡು ಹೋದರು.

ಆ ಮಂಟಪದ ಪದ್ಧತಿ ಅದು. ಒಲೆಯ ಬೂದಿ, ತೆಂಗಿನ ನಾರು ಹಾಕಿ ನಮ್ಮ ಮುಖ ಕಾಣುವ ತನಕ ನಾವು ತಿಕ್ಕುತ್ತೇವೆ. ಆದರೂ ಇನ್ನೊಬ್ಬರ ಕೈಯ ನೀರು ಬೀಳುವವರೆಗೆ ಅದು ತೊಳೆದದ್ದಲ್ಲ. ಹೀಗೆಂದು ಯಾವ ಬೋರ್ಡೂ ಅಲ್ಲಿಲ್ಲ.

ಬಿಸಿಲು ನೆತ್ತಿಗೆ ಬಂತು. ನನಗೆ ಗಂಟಲು ಒಣಗಿತ್ತು. “ಅಣ್ಣಾ, ಒಂದ್ ಲೋಟ ಮಜ್ಜಿಗೆ,” ಎಂದೆ.

“ಲೋಟ ಬೇರೆ ಕೇಡು. ಕೈ ಒಡ್ಡು.”

ಬೊಗಸೆ ಒಡ್ಡಿದೆ. ಅವನು ಸೌಟನ್ನು ನನ್ನ ತಲೆಯ ಮಟ್ಟಕ್ಕೆ ಎತ್ತಿ ಸುರಿದ. ಅರ್ಧ ಬೊಗಸೆಗೆ ಬಿತ್ತು, ಅರ್ಧ ಸೆರಗಿಗೆ. ಪಕ್ಕದಲ್ಲೇ ಮಜ್ಜಿಗೆಯ ಕೊಪ್ಪರಿಗೆ, ಕೊತ್ತಂಬರಿ ತೇಲಿಸಿಕೊಂಡು, ಪಂಕ್ತಿಗೆ ಹೋಗಲು ಸಿದ್ಧವಾಗಿ ನಿಂತಿತ್ತು.

ನಾನು ಬಳೆಗಳನ್ನು ಮೇಲಕ್ಕೆ ಸರಿಸಿದೆ. ಬೂದಿ ಮೆತ್ತಿದ ಬಲಗೈಯನ್ನು ಮೊಣಕೈವರೆಗೆ ಆ ಮಜ್ಜಿಗೆಯಲ್ಲಿ ಅದ್ದಿದೆ.

“ಈಗ ಇದಕ್ಕೂ ಒಂದ್ ಸುತ್ತು ನೀರ್ ಹಾಕಿ, ಒಳಗೆ ತಗೊಂಡ್ ಹೋಗಿ,” ಎಂದೆ.

ಅಲ್ಲಿಗೆ ಸುದರ್ಶನ ಪೆನ್ನು ಕೆಳಗಿಟ್ಟ. ಕತೆ ಮುಗಿದಿತ್ತು.

ನಾನು ಕತೆಯೊಳಗಿನ ಹೆಂಗಸು. ನಂಜಮ್ಮ ಎಂಬ ಹೆಸರು ಸುದರ್ಶನ ಇಟ್ಟದ್ದು. ಬಂಗಾರಮ್ಮನನ್ನೂ ಕೊಟ್ರಬಸಪ್ಪನನ್ನೂ ಮಾಡಿದವನು ಅವನೇ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಅವನ ವಾಸ, ಹಗಲು ಕೊರಿಯರ್ ಆಫೀಸಿನಲ್ಲಿ ಕೆಲಸ. ಮೂಲತಃ ಭದ್ರಾವತಿಯ ನಮ್ಮ ಕೇರಿಯವನು. ನಮ್ಮ ಎಂದರೆ, ಅವನು ತನ್ನ ಕೇರಿಯನ್ನೇ ನಮಗೆ ಕೊಟ್ಟಿದ್ದ. ಆ ದಿನ ಪೆನ್ನು ಇಟ್ಟವನೇ ಮುಖ ಮುಚ್ಚಿಕೊಂಡು ಅತ್ತ. ನಮ್ಮವನು ಎಂದು ನಾವು ನಂಬಿದ್ದು ಆಗಲೇ ಇರಬೇಕು.

ಆಮೇಲೆ ಒಂದು ದಿನ ಅವನು ಅದೇ ಕತೆಯನ್ನು ಮತ್ತೆ ಬರೆಯಲು ಕೂತ. ನಾವು ಎದ್ದು ನಮ್ಮ ನಮ್ಮ ಜಾಗದಲ್ಲಿ ನಿಂತೆವು. ಕೊಪ್ಪರಿಗೆ ಹೊತ್ತೆವು, ಹೊಸಿಲು ದಾಟಿದೆವು. ಕೊಟ್ರಬಸಪ್ಪ ಬಂದ. ಬೈಗುಳಕ್ಕೆ ನಾನು ತಲೆ ತಗ್ಗಿಸಿದ್ದೆ. ಅವನ ಬಾಯಿಂದ ಬಂದದ್ದು ಬೇರೆ ಮಾತು.

“ಬೇಜಾರು ಮಾಡ್ಕೋಬೇಡಿ ತಾಯಿ. ಸೋಪು ಉಳಿದಿರುತ್ತೆ, ಅದಕ್ಕೇ ಒಂದು ಸುತ್ತು ನೀರು ಹಾಕೋದು.”

ಹೇಳಿ ಅವನೇ ಗಾಬರಿಯಾದ. ಬಾಯಿ ಒರೆಸಿಕೊಂಡು ಮೇಲೆ ನೋಡಿದ. ಬಂಗಾರಮ್ಮ ತನ್ನ ಕೈಲಿದ್ದ ಕೊಪ್ಪರಿಗೆಯನ್ನು ಧಡ್ ಎಂದು ನೆಲಕ್ಕೆ ಬಿಟ್ಟಳು.

“ಯಾವ ಸೋಪೋ ಸುದರ್ಶನ?”

ಮೇಲೆ ಪೆನ್ನು ನಿಂತಿತು.

“ನಾವಿಬ್ರೂ ಬೆಳಗಿಂದ ಬೂದಿ ಹಾಕಿ ತಿಕ್ತಾ ಇದೀವಿ. ನೀನೇ ಬರ್ದಿದೀಯ. ಇದರಾಗೆ ಸೋಪು ಎಲ್ಲಿಂದ ಬಂತು ಮಾರಾಯ?”

“ಬೂದಿನೂ ತೆಗೀತೀನಿ ದೊಡ್ಡವ್ವ,” ಎಂದ ಸುದರ್ಶನ. ಅವನ ದನಿ ಸಣ್ಣದಾಗಿತ್ತು.

“ತೆಗಿ. ಆಮೇಲೆ ಏನೇನ್ ತೆಗೀತೀಯ, ಅದನ್ನೂ ಹೇಳಿಬಿಡು.”

ನಾನು ಮುಂದಿನ ಹಾಳೆಗೆ ಇಣುಕಿದೆ. ನಮ್ಮ ಕೇರಿ ಹೋಗಿ ‘ಒಂದು ಬಡಾವಣೆ’ ಆಗಿತ್ತು. ನಾವು ಯಾವ ಜನ ಎಂಬುದು ಎಲ್ಲೂ ಇರಲಿಲ್ಲ, ‘ಬಡ ಹೆಂಗಸರು’ ಎಂದಷ್ಟೇ ಇತ್ತು. ಸೌಟು ಹೋಗಿ ಲೋಟ ಬಂದಿತ್ತು. ಕೊನೆಯಲ್ಲಿ ಮಜ್ಜಿಗೆಯೇ ಇರಲಿಲ್ಲ. ಮದುವೆ ಮನೆಯ ರೇಷ್ಮೆ ಸೀರೆಯ ಹೆಂಗಸೊಬ್ಬಳು ಹಿತ್ತಲಿಗೆ ಬರುತ್ತಾಳೆ. ಗಾಂಧಿ ಬಜಾರಿನಲ್ಲಿ ಕೊಂಡ ಸೀರೆಯೊಂದನ್ನು ನನ್ನ ಸೆರಗಿಗೆ ಹಾಕುತ್ತಾಳೆ. ನನ್ನ ಕಣ್ಣು ತುಂಬುತ್ತದೆ. ನಾನು ಅವಳ ಕಾಲಿಗೆ ಬೀಳುತ್ತೇನೆ.

“ಕಾಲಿಗ್ ಬೀಳ್ತೀನಾ ನಾನು?”

“ನಂಜಕ್ಕ, ಸ್ವಲ್ಪ ಅರ್ಥ ಮಾಡ್ಕೋ. ಇದನ್ನ ಭಾನುವಾರ ಸಾಹಿತ್ಯ ಸಭೇಲಿ ಓದ್ಬೇಕು. ಸಭೆ ಆಗ್ತಿರೋದು ಅದೇ ಮಂಟಪದಲ್ಲಿ. ಊಟನೂ ಮಂಟಪದೋರ್ದೇ. ಅಲ್ಲಿ ನಿಂತ್ಕೊಂಡು ಮಜ್ಜಿಗೆಗೆ ಕೈ ಅದ್ದಿದ್ಲು ಅಂತ ಹೆಂಗೆ ಓದೋದು?”

“ಓದಕ್ಕಾಗ್ದಿದ್ರೆ ಓದ್ಬೇಡ. ಬರ್ದಿದ್ದನ್ನ ಯಾಕೆ ಹಾಳ್ ಮಾಡ್ತೀಯ?”

“ಜಗದಾಂಬಾ ಆಂಟಿ ಬರ್ತೀನಿ ಅಂದಿದಾರೆ.”

ವಿಷಯ ಅಲ್ಲಿತ್ತು. ಜಗದಾಂಬಾ ಅವನ ಮನೆಯ ಓನರು, ಕೆಳಗಿನ ಮನೆಯಲ್ಲಿದ್ದಾರೆ. ಬಾಡಿಗೆಗೆ ಕೇಳಲು ಹೋದಾಗ ಕಾಫಿ ಕೊಟ್ಟು, “ನೀವು ಯಾವ ಜನ ಅಂತ ಗೊತ್ತಾಗ್ಲಿಲ್ವಲ್ಲ,” ಎಂದು ನಗುತ್ತ ಕೇಳಿದ್ದರು. “ನಿಮ್ಮ ಕಡೆಯೋರೇ ಆಂಟಿ,” ಎಂದುಬಿಟ್ಟಿದ್ದ ಇವನು. ಅಂದಿನಿಂದ ಹಬ್ಬಕ್ಕೆ ಡಬ್ಬಿಯಲ್ಲಿ ಹೋಳಿಗೆ ಮೇಲಕ್ಕೆ ಬರುತ್ತದೆ. ಆ ಡಬ್ಬಿಯನ್ನು ತೊಳೆದು ಹಿಂದಿರುಗಿಸುವಾಗ ಅವನು ಮೆಟ್ಟಿಲ ಮೇಲೆ ನಿಂತು, ಅವರು ಅದನ್ನು ಎಲ್ಲಿ ಇಡುತ್ತಾರೆ ಎಂದು ನೋಡುತ್ತಾನೆ.

“ಕತೆ ಕೇಳಿದ್ರೆ ಸುಮ್ನಿರಲ್ಲಕ್ಕ ಅವ್ರು. ಇಷ್ಟೆಲ್ಲ ನಿಮಗೆ ಹೆಂಗೆ ಗೊತ್ತು ಸುದರ್ಶನ್ ಅಂತಾರೆ. ನಾನೇನ್ ಹೇಳ್ಲಿ?”

“ನಮ್ಮವ್ವ ಶಕುಂತಲಮ್ಮ ಭದ್ರಾವತಿಯಿಂದ ರೈಲಲ್ಲಿ ಬಂದು, ಇದೇ ಮಂಟಪದಾಗೆ ಎಂಜಲೆಲೆ ಎತ್ತಿ, ಕೊಪ್ಪರಿಗೆ ತಿಕ್ಕಿ ನನ್ನ ಸಾಕಿದ್ಲು ಅನ್ನು,” ಎಂದಳು ಬಂಗಾರಮ್ಮ. “ಹಲ್ಲು ಉದುರಿ ಹೋಗ್ತವಾ?”

“ಮನೆ ಖಾಲಿ ಮಾಡಿ ಅಂದ್ರೆ?”

“ಅಂದ್ರೆ ಅವಳ ಮಕಕ್ಕೆ ಬೀಗದಕೈ ಎಸೆದು ಬಾ. ಸವಳಂಗ ರಸ್ತೆ ಏನು ಅವಳಪ್ಪಂದಾ?”

“ನಿಂಗೆ ಸುಲಭ ದೊಡ್ಡವ್ವ. ನೀನು ಇರೋದು ಹಾಳೇಲಿ.”

ನಾನು ಬಲಗೈ ಎತ್ತಿ ಅವನಿಗೆ ತೋರಿಸಿದೆ. ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದು ಸುಟ್ಟ ಕಲೆ ಇದೆ, ಹುಣಸೆ ಬೀಜದಷ್ಟು.

“ಇದು ಯಾರ ಕೈ ಸುದರ್ಶನ? ಈ ಕಲೆ ಯಾರ್ದು?”

ಅವನು ನೋಡಲಿಲ್ಲ.

“ನಿಮ್ಮವ್ವಂದು. ಅವಳ ಕೈನೇ ನಂಗೆ ಹಾಕಿದೀಯ. ಪಾಚಿ ಕಟ್ಟಿದ ಹಿತ್ಲಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗಿತ್ತಲ್ಲ ಅವಳಿಗೆ. ಮನೇಗ್ ಬಂದು ಕಾಲು ಚಾಚ್ಕೊಂಡು ಏನಂತಿದ್ಲು? ಒಂದಿನ ಆ ಮಜ್ಜಿಗೆ ಕೊಪ್ಪರಿಗೇಗೆ ಕೈ ಹಾಕ್ಬಿಡ್ತೀನಿ ಕಣೋ, ನೀರು ಎಲ್ಲಿಗೆ ಹಾಕ್ತಾರೋ ನೋಡಾನ ಅಂತ ನಗ್ತಿದ್ಲು. ಹಾಕಿದ್ಲಾ?”

“ಇಲ್ಲ.”

“ಹಾಕದೇ ಸತ್ತೋದ್ಲು. ಅದಕ್ಕೇ ನನ್ನ ಹುಟ್ಟಿಸ್ದೆ. ನಾನಿರೋದು ಅದೊಂದ್ ಕೆಲ್ಸಕ್ಕೆ ಕಣಪ್ಪ. ಅದನ್ನೂ ಕಿತ್ಕೊಂಡು ಕಾಲಿಗ್ ಬೀಳು ಅಂತೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?”

ಕೊಟ್ರಬಸಪ್ಪ ಕೆಮ್ಮಿದ. ಇಷ್ಟು ಹೊತ್ತು ಚೊಂಬು ಹಿಡಿದುಕೊಂಡೇ ನಿಂತಿದ್ದ.

“ನಂದೂ ಒಂದ್ ಮಾತು ಸಾರ್. ನನ್ನ ಒಳ್ಳೆಯವ್ನ ಮಾಡಿದ್ರಿ, ಸಂತೋಷ. ಮೊದ್ಲು ಡೊಳ್ಳುಹೊಟ್ಟೆ ಕೊಟ್ಟು, ಬಾಯಿಗೆ ಎಲೆಅಡಿಕೆ ತುರುಕಿ, ದರಿದ್ರ ಮಾಡಿದ್ರಿ. ಅದು ಇರ್ಲಿ. ಆದ್ರೆ ಸೋಪು ಅಂತ ನಾನು ಯಾವತ್ತೂ ಹೇಳಿಲ್ಲ. ನಮ್ಮಪ್ಪ ನೀರು ಹಾಕ್ತಿದ್ದ, ನಾನೂ ಹಾಕ್ತೀನಿ. ಯಾಕೆ ಅಂತ ನಂಗೂ ಗೊತ್ತು, ಇವರಿಗೂ ಗೊತ್ತು. ಮುಖದ ಮೇಲೇ ಹೇಳ್ತೀನಿ. ನನ್ನ ಬಾಯಲ್ಲಿ ಸುಳ್ಳು ಯಾಕೆ ಆಡಿಸ್ತೀರ?”

“ಥೂ, ನಿನ್ ಸತ್ಯಕ್ಕೆ ಬೆಂಕಿ ಬೀಳ,” ಎಂದಳು ಬಂಗಾರಮ್ಮ. ಆದರೆ ನಕ್ಕಳು. ನನಗೂ ನಗು ಬಂತು. ನಮ್ಮ ಹಾಗೆ ಅವನೂ ತನ್ನ ಮಾತನ್ನು ಉಳಿಸಿಕೊಳ್ಳಲು ನಿಂತಿದ್ದ.

ಸುದರ್ಶನ ಎದ್ದು ನಿಂತ. “ನಿಮ್ಮನ್ನ ಬರೆದೋನು ನಾನು. ಬರೆದಂಗೆ ಇರಿ. ಇಲ್ಲಾಂದ್ರೆ ಹರಿದ್ ಹಾಕ್ತೀನಿ.”

“ಕೊಟ್ರಬಸಪ್ಪನೂ ಇದನ್ನೇ ಅಂತಾನೆ,” ಎಂದಳು ಬಂಗಾರಮ್ಮ. “ಕೂಲಿ ಕೊಡೋನು ನಾನು, ಹೇಳಿದಂಗಿರಿ ಅಂತ.”

ಅವನು ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆದ. ಬೂದಿ ಎಂಬ ಪದ ಇದ್ದಲ್ಲೆಲ್ಲ ಗೆರೆ ಎಳೆದಿದ್ದ. ಎಳೆದರೂ ನನ್ನ ಕೈಯಿಂದ ಅದು ಹೋಗಿರಲಿಲ್ಲ.

ಭಾನುವಾರ ಅವನ ಬ್ಯಾಗಿನಲ್ಲಿ ಮಂಟಪಕ್ಕೆ ಹೋದೆವು. ಮುಂಬಾಗಿಲಿನಿಂದ. ಅವನ ತಾಯಿ ಆ ಬಾಗಿಲಿನಿಂದ ಒಮ್ಮೆಯೂ ಒಳಗೆ ಹೋದವಳಲ್ಲ.

ಕುರ್ಚಿಗಳು ತುಂಬಿದ್ದವು. ಜಗದಾಂಬಾ ಮುಂದಿನ ಸಾಲಿನಲ್ಲಿದ್ದರು. ಸುದರ್ಶನ ಮೈಕಿನ ಮುಂದೆ ನಿಂತು ಓದತೊಡಗಿದ. ಅವನು ಓದಿದಂತೆ ನಾವು ಮಾಡಬೇಕು. ಕೊಪ್ಪರಿಗೆ ಹೊತ್ತೆವು. ಕೊಟ್ರಬಸಪ್ಪ ಹಲ್ಲು ಕಚ್ಚಿಕೊಂಡು ಸೋಪಿನ ಮಾತು ಹೇಳಿದ. ಬಂಗಾರಮ್ಮ ನೆಲ ನೋಡುತ್ತ ನಿಂತಳು. ರೇಷ್ಮೆಯ ಹೆಂಗಸು ಸೀರೆ ಹಿಡಿದು ಬಂದಳು.

“ನಂಜಮ್ಮ ಸೆರಗೊಡ್ಡಿದಳು,” ಎಂದು ಓದಿದ ಸುದರ್ಶನ.

ನಾನು ಒಡ್ಡಲಿಲ್ಲ.

ಅವನು ತಡವರಿಸಿದ. ನೀರು ಕುಡಿದ. “ನಂಜಮ್ಮ ಸೆರಗೊಡ್ಡಿದಳು,” ಎಂದು ಮತ್ತೆ ಓದಿದ. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನನ್ನೇ ನೋಡಿದೆ. ಹಾಳೆಯೊಳಗಿಂದ ನೋಡಿದೆ. ಅವನ ಹಣೆಯಲ್ಲಿ ಬೆವರಿತ್ತು. ಒಂದು ಗಳಿಗೆ, ಒಂದೇ ಗಳಿಗೆ, ಅವನು ಮೊದಲ ಕತೆಯನ್ನು ಹೇಳಿಬಿಡುತ್ತಾನೆ ಎಂದುಕೊಂಡೆ. ಅವನಿಗೆ ಅದು ಬಾಯಿಪಾಠ ಇತ್ತು.

ಜಗದಾಂಬಾ ಮುಂದಿನ ಸಾಲಿನಿಂದ ನಕ್ಕು, ಓದಿ ಎಂಬಂತೆ ತಲೆಯಾಡಿಸಿದರು.

ಅವನು ಹಾಳೆಯಲ್ಲಿ ನನ್ನ ಸಾಲನ್ನು ಬಿಟ್ಟು ಅದರ ಕೆಳಗಿನ ಸಾಲಿಗೆ ಹೋದ. ಯಾರೋ ಕಾಲಿಗೆ ಬಿದ್ದರು, ಯಾರದೋ ಕಣ್ಣು ತುಂಬಿತು. ಅದು ನಾನಲ್ಲ. ಚಪ್ಪಾಳೆ ಬಿತ್ತು.

“ಹೋಗ್ಲಿ ಬಿಡೇ,” ಎಂದಳು ಬಂಗಾರಮ್ಮ ನನ್ನ ಬೆನ್ನು ಸವರಿ. “ಈಗ ನೀನು ಅವನ ಕತೇಲಿಲ್ಲ. ನಡಿ.”

ಹಿತ್ತಲ ಬಾಗಿಲು ಯಾವ ಕಡೆ ಎಂದು ನನಗೆ ಗೊತ್ತಿತ್ತು. ಮಂಟಪವನ್ನು ಮೂಲೆ ಮೂಲೆಯೂ ಬರೆದವನು ಅವನೇ. ನಡೆದೆ. ಹೊರಗೆ ಕಲ್ಲಿನ ಹತ್ತಿರ ಇಬ್ಬರು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಹಂಡೆ ತಿಕ್ಕುತ್ತಿದ್ದರು. ಅವರನ್ನು ಯಾರೂ ಬರೆದಿರಲಿಲ್ಲ. ಒಬ್ಬಾತ ಚೊಂಬಿನಿಂದ ನೀರು ಸುರಿಯುತ್ತಿದ್ದ. ಗೋಡೆಯ ಪಕ್ಕದಲ್ಲಿ ಮಜ್ಜಿಗೆಯ ಕೊಪ್ಪರಿಗೆ ಇತ್ತು.

“ಏಯ್, ಮುಟ್ಟಬ್ಯಾಡ!”

ನಮ್ಮ ಕೊಟ್ರಬಸಪ್ಪ ಹಿಂದಿನಿಂದ ಗಂಟಲು ಬಿಚ್ಚಿ ಕೂಗಿದ. ನಮ್ಮ ಮೂವರ ಹೊರತು ಯಾರಿಗೂ ಅದು ಕೇಳಲಿಲ್ಲ. ಕೂಗಿ ಅವನಿಗೆ ಹಗುರಾದಂತಿತ್ತು.

ಬಳೆಗಳನ್ನು ಮೇಲಕ್ಕೆ ಸರಿಸಿದೆ. ಮೊಣಕೈವರೆಗೆ ಕೈ ಅದ್ದಿದೆ. ತಣ್ಣಗಿತ್ತು.

ಬಡಿಸುವವನು ಬಂದು, ನನ್ನ ತೋಳಿನ ಪಕ್ಕದಲ್ಲೇ ಜಗ್ಗು ಅದ್ದಿ ತುಂಬಿಕೊಂಡು ಹೋದ. ತೆರೆದ ಬಾಗಿಲಿನಿಂದ ಪಂಕ್ತಿ ಕಾಣುತ್ತಿತ್ತು. ಸುದರ್ಶನನ ಮುಂದಿನ ಲೋಟಕ್ಕೆ ಮಜ್ಜಿಗೆ ಬಿತ್ತು. ಅವನು ಎತ್ತಿಕೊಂಡವನು ಬಾಯಿಗೆ ಇಡದೆ ತಡೆದ. ಕೊತ್ತಂಬರಿ ಎಲೆಯ ಸುತ್ತ ತೆಳ್ಳಗೆ ಬೂದಿ ತೇಲುತ್ತಿತ್ತು. ತಲೆ ಎತ್ತಿ ಬಾಗಿಲಿನ ಕಡೆ ನೋಡಿದ. ನನ್ನನ್ನು ಕಂಡ. ನನ್ನ ಕೈಯನ್ನೂ ಕಂಡ, ಮಣಿಕಟ್ಟು ಮಜ್ಜಿಗೆಯೊಳಗಿದ್ದರೂ ಆ ಕಲೆ ಎಲ್ಲಿದೆ ಎಂದು ಅವನಿಗೆ ಗೊತ್ತು.

ಕುಡಿ, ಎಂದುಕೊಂಡೆ ನಾನು. ಒಂದು ಗುಟುಕು ಕುಡಿಯೋ ಮಗನೇ.

ಅವನು ಲೋಟವನ್ನು ದೂರ ಹಿಡಿದು ಬಡಿಸುವವನನ್ನು ಕರೆದ. “ಇದನ್ನ ಚೆಲ್ಲಿ. ಲೋಟಕ್ಕೆ ಒಂದ್ ಸುತ್ತು ನೀರು ಹಾಕಿ ಕೊಡಿ.”

ಪಕ್ಕದ ಎಲೆಯಲ್ಲಿ ಜಗದಾಂಬಾ ತಮ್ಮ ಮಜ್ಜಿಗೆಯನ್ನು ಕೊನೆಯ ಹನಿಯವರೆಗೆ ಕುಡಿದು ಲೋಟ ಕೆಳಗಿಟ್ಟರು.

“ಯಾಕ್ರೀ ಸುದರ್ಶನ್, ಸೋಪು ಉಳಿದಿತ್ತಾ?”

“ಹೌದು ಆಂಟಿ.”

“ನಂದು ಚೆನ್ನಾಗಿತ್ತಪ್ಪ,” ಎಂದು ಅವರು ಲೋಟವನ್ನು ಮುಂದಕ್ಕೆ ಚಾಚಿದರು. “ಇನ್ನೊಂಚೂರು ಹಾಕಿ.”

ಬಡಿಸುವವನು ಖಾಲಿ ಜಗ್ಗು ಹಿಡಿದು ಹಿತ್ತಲಿಗೆ ಬಂದ. ನಾನು ಕೈ ತೆಗೆದಿರಲಿಲ್ಲ.