ದಿನಕ್ಕೆ ಮುಕ್ಕಾಲು ಲೀಟರ್

ಭಾಲ್ಕಿಯಲ್ಲಿ ನನಗೆ ‘ಆಯ್ತ್ರಿ ಬಾಯಿ’ ಅಂತ ಅಡ್ಡಹೆಸರಿದೆ. ನನ್ನೆದುರು ಯಾರೂ ಅನ್ನುವುದಿಲ್ಲ, ಅಂದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಪುರಸಭೆ ಮೆಂಬರಾಗಿ ಎಂಟು ವರ್ಷ ಯಾರು ಏನೇ ಕೇಳಿಕೊಂಡು ಬಂದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಆಯ್ತ್ರಿ, ನೋಡೋಣ.” ನಳಕ್ಕೆ ನೀರು ಬಂದಿಲ್ಲವೇ? ಆಯ್ತ್ರಿ, ನೋಡೋಣ. ಗಟಾರ ತುಂಬಿದೆಯೇ? ಆಯ್ತ್ರಿ. ಮಗನಿಗೆ ಹೆಣ್ಣು ಸಿಕ್ಕಿಲ್ಲವೇ? ಅದನ್ನೂ ನೋಡೋಣ! ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಆದರೆ ಅದೆಲ್ಲ ಮನೆಯವರಿಗೆ ಮೀಸಲು. ವೋಟು ಹಾಕುವವರಿಗೆ ‘ಇಲ್ಲ’ ಅನ್ನುವುದನ್ನು ನಾನು ಕಲಿತೇ ಇರಲಿಲ್ಲ.

ಇದು ಅಪ್ಪನಿಂದ ಬಂದ ಗುಣವಂತೂ ಅಲ್ಲ. ನನ್ನಪ್ಪ ಗೋರಖನಾಥ ಮೂವತ್ತೊಂದು ವರ್ಷ ಬೀದರ–ಔರಾದ–ಎಕಂಬಾ ಬಸ್ಸು ಓಡಿಸಿದವನು. ಬಸ್ಸು ಒಂದು ದಿನವೂ ತಡವಾಗಲಿಲ್ಲ, ಸ್ಟಾಪ್ ಇಲ್ಲದ ಕಡೆ ಒಂದು ದಿನವೂ ನಿಲ್ಲಲಿಲ್ಲ. ಔರಾದಿನಲ್ಲಿ ನಾನು ಐದನೇ ಇಯತ್ತೆ ಓದುವಾಗ, “ನಮ್ಮಪ್ಪನ ಬಸ್ ನಿಲ್ಲಸ್ತೀನಿ ನೋಡ್ರಿ” ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿ, ಶಾಲೆಯ ಮುಂದೆ ರಸ್ತೆಗೆ ಬಂದು ಕೈ ಮಾಡಿದ್ದೆ. ಅಪ್ಪ ನನ್ನನ್ನು ನೋಡಿದ. ಹಾರ್ನ್ ಹೊಡೆದ. ಹೋಗೇಬಿಟ್ಟ. ಆ ಹುಡುಗಿಯರ ನಗೆ ನನಗೆ ಇವತ್ತಿಗೂ ಕೇಳಿಸುತ್ತದೆ. ಮನೆಗೆ ಬಂದು ಕೇಳಿದರೆ, “ಅಲ್ಲಿ ಸ್ಟಾಪ್ ಇಲ್ಲವ್ವ” ಅಂದು ಊಟಕ್ಕೆ ಕುಳಿತಿದ್ದ.

ಹೋದ ಡಿಸೆಂಬರಿನಲ್ಲಿ ಇದೇ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಔರಾದಿನಿಂದ ಅವನನ್ನು ಭಾಲ್ಕಿಗೆ ನನ್ನ ಮನೆಗೆ ಕರೆದುಕೊಂಡು ಬಂದೆ. ವಾರಕ್ಕೆ ಮೂರು ಸಲ ಬೀದರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು, ಉಳಿದ ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ನಾನು ಪುರಸಭೆಯ ಸ್ಥಾಯಿ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಬರೆದುಕೊಟ್ಟೆ. ಊರಿಗೆ ಊರೇ ಬಾಯಿ ಬಿಟ್ಟಿತು. “ಕುರ್ಚಿ ಯಾರರ ಬಿಡ್ತಾರೇನ್ರಿ? ಒಳಗ ಬ್ಯಾರೆ ಏನೋ ಅದ” ಅಂದರು. ನನ್ನ ವಾರ್ಡಿನ ಕೆಲಸವನ್ನು ಪಕ್ಕದ ವಾರ್ಡಿನ ಮೆಂಬರ್ ನಜಮೋದ್ದೀನನಿಗೆ ಒಪ್ಪಿಸಿದೆ. ಜನಕ್ಕೆ ಗೊತ್ತಿದ್ದ ನನ್ನ ಸಿಮ್ಮನ್ನೂ ತೆಗೆದು ಅವನ ಕೈಗಿಟ್ಟೆ. ಪಾಪ, ಆ ಮನುಷ್ಯ ತನ್ನ ದಪ್ಪ ದನಿಯಲ್ಲಿ, “ಹೇಳ್ರಿ, ಆಮ್ರಪಾಲಿ ಬಾಯಿ ಫೋನದಾಗ ಮಾತಾಡ್ಲಿಕತ್ತೇನಿ” ಅನ್ನುತ್ತಿದ್ದನಂತೆ. ಅರ್ಧ ಜನ ಗಾಬರಿಯಾಗಿ ಫೋನಿಟ್ಟು ಸೀದಾ ನಮ್ಮ ಮನೆಗೇ ಬರುತ್ತಿದ್ದರು.

ಬೀದರಿನ ಡಾಕ್ಟರು ಮೊದಲ ದಿನವೇ ಖಡಕ್ಕಾಗಿ ಹೇಳಿದ್ದರು. “ನೀರು, ಚಹಾ, ಸಾರು, ಮಜ್ಜಿಗಿ ಎಲ್ಲಾ ಸೇರಿ ದಿನಕ್ಕ ಮುಕ್ಕಾಲು ಲೀಟರ್. ಹೆಚ್ಚಾತಂದ್ರ ನೀರು ಎದಿಗಿ ಏರ್ತದ. ಎಳನೀರು ಮಾತ್ರ ಬಿಲ್ಕುಲ್ ಬ್ಯಾಡ, ಅದರಾಗ ಪೊಟ್ಯಾಶಿಯಂ ಭಾಳ, ಇವರ ಹೃದಯಾನೇ ನಿಂತುಬಿಡ್ತದ.”

“ಆಯ್ತ್ರಿ” ಅಂದೆ.

ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಬರಿಗೈಯಲ್ಲಿ ಯಾರು ಬರುತ್ತಾರೆ? ತರುವುದಾದರೂ ಏನನ್ನು? ಎಳನೀರು! ಮೂವತ್ತೊಂದು ವರ್ಷ ಬಸ್ಸು ಹತ್ತಿ ಇಳಿದವರೆಲ್ಲ ಎಳನೀರು ಹಿಡಿದುಕೊಂಡು ಬಂದರು. “ಆಯ್ತ್ರಿ, ಇಡ್ರಿ, ಆಮ್ಯಾಲ ಕುಡಸ್ತೀನಿ” ಅನ್ನುವುದು, ಅವರು ಹೋದ ಮೇಲೆ ಅಕ್ಕಪಕ್ಕದ ಮನೆಗೆ ಹಂಚುವುದು. ಯಾರ ಮನಸ್ಸೂ ನೋಯಲಿಲ್ಲ, ಅಪ್ಪನಿಗೂ ತೊಂದರೆಯಾಗಲಿಲ್ಲ. ನಾನೇನು ಕಡಿಮೆ ಹುಷಾರಿಯೇ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಏಪ್ರಿಲಿನಲ್ಲಿ ಎಕಂಬಾದಿಂದ ನರಸಿಂಗ ಕಾಕಾ ಬಂದ. ಅಪ್ಪನ ಬಸ್ಸಿಗೆ ಹದಿನಾಲ್ಕು ವರ್ಷ ಕಂಡಕ್ಟರ್ ಆಗಿದ್ದವನು. ಅವನ ಚೀಲದಲ್ಲಿ ಎರಡು ಎಳನೀರು, ಜೊತೆಗೆ ಕೊಚ್ಚುವ ಕತ್ತಿಯೂ ಇತ್ತು. “ತಂಗಿ, ಇವಂಗ ನನ್ನ ಕೈಲೇ ಕುಡಸ್ಲೇನು?” ಅಂದ. ಅಷ್ಟರಲ್ಲಿ ಹೊರಗಿನಿಂದ ಯಾರೋ ನೀರಿನ ತಕರಾರು ಹಿಡಿದು ಕೂಗಿದರು. ನಾನು ಹೊರಗೆ ಹೋಗುತ್ತ ಹೋಗುತ್ತ, “ಆಯ್ತು ಕಾಕಾ, ನೋಡೋಣ” ಅಂದೆ.

ವಾರ್ಡಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು, ಆಗುವುದಿಲ್ಲ ಅಂತ. ಎಕಂಬಾದ ಕಾಕಾನಿಗೆ ಹೇಗೆ ಗೊತ್ತಿರಬೇಕು? ನಾನು ಒಳಗೆ ಬರುವಷ್ಟರಲ್ಲಿ ಎರಡೂ ಬುರುಡೆ ಖಾಲಿಯಾಗಿದ್ದವು. ಕಾಕಾ ಸಂಜೆ ಬಸ್ಸು ತಪ್ಪುತ್ತದೆಂದು ಎದ್ದು ಹೋದ. ಒಂದೆರಡು ತಾಸಿನಲ್ಲಿ ಅಪ್ಪನ ಕಾಲು ಬಲ ಕಳೆದುಕೊಂಡವು, ಉಸಿರು ಸಿಕ್ಕಿಕೊಂಡಿತು. ಕಾರಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀದರಿನ ದಾರಿಯ ಹಲಬರ್ಗಾ ದಾಟುವಾಗ ನಾನು ಹೆದರಿಕೆಯಿಂದ ಬೆವತುಹೋಗಿದ್ದೆ. ಡಾಕ್ಟರು ಅವನನ್ನು ಉಳಿಸಿದರು. ಆಮೇಲೆ ರಕ್ತದ ರಿಪೋರ್ಟ್ ಹಿಡಿದು ಹೊರಗೆ ಬಂದು, “ಎಳನೀರು ಯಾರು ಕೊಟ್ಟಾರ?” ಅಂತ ಕೇಳಿದರು.

“ನಾನೇ ರೀ” ಅಂದೆ. ಸುಳ್ಳಲ್ಲವಲ್ಲ.

ಮೇ ತಿಂಗಳಲ್ಲಿ ನರಸಿಂಗ ಕಾಕಾ ಮತ್ತೆ ಬಂದ, ಮತ್ತೆ ಅದೇ ಚೀಲ. “ಹ್ವಾದ ಸಲ ಕುಡದ ಮ್ಯಾಲ ಗೆಳ್ಯಾ ಆರಾಮ ಆದ್ನೇನು?”

ನಾನು ಬಾಗಿಲಿಗೆ ಅಡ್ಡ ನಿಂತೆ. ಬದುಕಿನಲ್ಲಿ ಮೊದಲ ಸಲ ಬಾಗಿಲಿಗೆ ಬಂದವರಿಗೆ ಆ ಮಾತು ಹೇಳಿದೆ. “ಇಲ್ಲ ಕಾಕಾ. ಕೊಡಂಗಿಲ್ಲ. ಹ್ವಾದ ಸಲ ಸಾಯೂದ್ರಾಗ ಉಳದಾನ. ತಪ್ಪು ನಿಂದಲ್ಲ, ನಂದು. ನಾ ಅವತ್ತೇ ಬ್ಯಾಡ ಅನಬೇಕಾಗಿತ್ತು.”

ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತ. ಬಹಳ ಹೊತ್ತು ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದ. ನೋಡಿ ನನಗೇ ಸಂಕಟವಾಯಿತು. ಆದರೆ ಎಂಟು ದಿನ ಇದ್ದೇ ಹೋಗುತ್ತೇನೆಂದು ಹಟ ಹಿಡಿದ. ಇದ್ದು ಮಾಡಿದ್ದೇನು ಗೊತ್ತೇ? ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು, ಬಂದವರ ಎಳನೀರೆಲ್ಲ ಟಿಕೆಟ್ ವಸೂಲಿ ಮಾಡಿದಂತೆ ವಸೂಲಿ ಮಾಡಿದ. “ಕಾಯಿ ಇಲ್ಲೇ ಇಡ್ರಿ. ಖಾಲಿ ಕೈಲೇ ಒಳಗ ನಡೀರಿ. ಹೊರಳಿ ಬರೂ ಮುಂದ ನೀವೇ ಕುಡದು ಹೋಗ್ರಿ!”

ಅದೇ ವಾರದ ಒಂದು ಸಂಜೆ, ಇನ್ನೂ ಬಿಸಿಲು ಅಂದರೆ ಬಿಸಿಲು. ಐದು ಗಂಟೆಗೆ ಅಪ್ಪನ ಮುಕ್ಕಾಲು ಲೀಟರಿನಲ್ಲಿ ಉಳಿದದ್ದು ಅರ್ಧ ಕಪ್ ಚಹಾ, ರಾತ್ರಿಯ ಗುಳಿಗೆಗೆ ಎರಡು ಗುಟುಕು ನೀರು. ಓಣಿಗೆ ಟ್ಯಾಂಕರ್ ಬಂತು. ಕೊಡಗಳ ಸದ್ದು, ಹೆಣ್ಣುಮಕ್ಕಳ ಜಗಳ, ನೀರು ಧೋ ಎಂದು ಬೀಳುವ ಸದ್ದು. ಅಪ್ಪ ಕಣ್ಣು ತೆರೆದ.

“ಟ್ಯಾಂಕರ್ ನಿಂದೇನವ್ವ?”

“ಹೂಂ ಅಪ್ಪಾ. ನಾ ಚಾಲೂ ಮಾಡಿಸಿದ್ದು. ಈಗ ನಜಮೋದ್ದೀನ ಭಾಯ್ ಕಳಸ್ತಾನ.”

“ಒಂದ ಗುಟುಕು ಕೊಡು.” ತುಟಿ ಒಣಗಿ ಬಿರಿದಿದ್ದವು. “ಓಣಿಗೆಲ್ಲಾ ಕೊಡ್ತಿ ಆಮ್ರಪಾಲಿ. ನಿಮ್ಮಪ್ಪಗ ಒಂದ ಗುಟುಕು ಇಲ್ಲೇನು?”

‘ಆಯ್ತಪ್ಪಾ, ನೋಡೋಣ’ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡೆ.

“ಇಲ್ಲಪ್ಪಾ” ಅಂದೆ. “ಇಲ್ಲಿ ಸ್ಟಾಪ್ ಇಲ್ಲ.”

ಅಪ್ಪ ನನ್ನನ್ನೇ ನೋಡಿದ. ಬಾಗಿಲಲ್ಲಿದ್ದ ಕಾಕಾ ಸ್ಟೂಲಿನಿಂದ ಎದ್ದು ನಿಂತ.

“ಅವತ್ತು ಸಾಲಿ ಮುಂದ ಕೆಂಪು ರಿಬ್ಬನ್ ಕಟ್ಟಿದ್ದಿ” ಎಂದ ಅಪ್ಪ. “ತಿರುವು ಬರೂ ತನಕ ಕನ್ನಡಿಯೊಳಗ ನಿನ್ನೇ ನೋಡ್ಕೋತ ಹೋದೆ. ಕಾಲು ಬ್ರೇಕಿನ ಮ್ಯಾಲೇ ಇತ್ತವ್ವ.”

ಮೂವತ್ತು ವರ್ಷ ಈ ಮನುಷ್ಯ ಇದನ್ನು ಹೇಳಿರಲಿಲ್ಲ! ನನಗೆ ಸಿಟ್ಟು ಬಂತು, ಅಳುವೂ ಬಂತು. ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿದೆ. ಅಷ್ಟು ಮಾಡಲು ಡಾಕ್ಟರ ಪರವಾನಗಿ ಇತ್ತು.

“ಮುಂದಿನ ಸ್ಟಾಪ್ ಎಷ್ಟಕ್ಕವ್ವ?”

“ಏಳಕ್ಕ. ಅರ್ಧ ಕಪ್ ಚಹಾ.”

ಅಪ್ಪ ಗೋಡೆಯ ಗಡಿಯಾರ ನೋಡಿದ, ಮತ್ತೆ ದಿಂಬಿಗೆ ತಲೆ ಇಟ್ಟ. “ನರಸಿಂಗಾ, ಹಂಗಾದ್ರ ರೈಟ್ ಹೇಳು.”

“ರೈಟ್, ರೈಟ್” ಅಂದ ಕಾಕಾ.

ಅಪ್ಪನ ಬಸ್ಸು ಒಂದು ದಿನವೂ ತಡವಾದದ್ದಿಲ್ಲ. ಏಳಕ್ಕೆ ಹತ್ತು ನಿಮಿಷ ಇರುವಾಗಲೇ ನಾನು ಚಹಾಕ್ಕಿಟ್ಟೆ.