ಸಾಸಿಗೆ ಬಿದ್ದ ಮೂರು ಕೈ ಉಪ್ಪು

ನನಗೆ ಸಿಟ್ಟು ಬಂದ್ರೆ ಇಡೀ ಓಣಿಗೆ ಕೇಳಿಸುತ್ತೆ, ನ್ಯಾಮತಿಯಲ್ಲಿ ಯಾರನ್ನಾದ್ರೂ ಕೇಳ್ರಿ. ಆದ್ರೆ ಆವತ್ತಿನದು ನ್ಯಾಯವಾದ ಸಿಟ್ಟು.

ಬಸ್ ಸ್ಟ್ಯಾಂಡ್ ಹತ್ರ ಬೇಕರಿ ಇಟ್ಟಿರೋ ಪ್ರಸನ್ನಕುಮಾರ್ ಪಾಸ್ತಾ ಮಾರಾಕೆ ಶುರು ಮಾಡಿದ್ದ. ಬಾಟ್ಲಿ ಸಾಸ್ ಜನಕ್ಕೆ ಹಿಡಿಸಲಿಲ್ಲ. "ಮಸರತಕ್ಕ, ಮನೇಲಿ ನೀವೇ ಮಾಡಿ ತೋರಿಸ್ರಿ. ರುಚಿಯಾದ್ರೆ ದಿನಾ ನಿಮ್ಮ ಹತ್ರಾನೇ ತಗೋತೀನಿ" ಅಂದ. ಈ ಮನೆಗೆ ಬಂದಾಗಿಂದ ಅದು ಸರಿಯಿಲ್ಲ, ಇದು ಸರಿಯಿಲ್ಲ ಅನ್ನಿಸಿಕೊಂಡಾಕೆ ನಾನು. ನನ್ನ ಕೈರುಚಿ ಕೇಳ್ಕೊಂಡು ಒಬ್ಬರು ಬಾಗಿಲಿಗೆ ಬಂದ್ರಲ್ಲ, ಹೆಂಗಾದ್ರೂ ಇದನ್ನ ಬಿಡಬಾರದು ಅಂತ ಹಟ ಬಂತು.

ಅದು ರಂಜಾನ್ ತಿಂಗಳು. ರೋಜಾ ಇದ್ದೆ, ನಾಲಿಗೆಗೆ ಮುಟ್ಟಿಸಿ ನೋಡಾಕೆ ಮನಸ್ಸು ಒಪ್ಪಲಿಲ್ಲ. ಬೆಳ್ಳುಳ್ಳಿ, ಈರುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಎಣ್ಣೇಲಿ ಬಾಡಿಸಿ, ಸಿಪ್ಪೆ ತೆಗೆದ ಟೊಮೆಟೊ ಹಾಕಿ ಕುದಿಸಿದೆ. ಪಕ್ಕದ ಮನೆ ಕೆಂಪಕ್ಕನ್ನ ಕರೆದು ಚಮಚ ಕೊಟ್ಟೆ.

"ಹುಳಿ ಜಾಸ್ತಿ ಐತೆ ಕಣವ್ವ" ಅಂದ್ಲು. ಚೂರು ಬೆಲ್ಲ ಹಾಕಿದೆ. "ಉಪ್ಪು ಇನ್ನೊಂದು ಚಿಟಿಕೆ." ಅದನ್ನೂ ಹಾಕಿದೆ. ಮತ್ತೆ ನೆಕ್ಕಿ ಕಣ್ಣರಳಿಸಿದಳು. "ಹದಕ್ಕೆ ಬಂತು. ಇನ್ನು ಮುಟ್ಟಬ್ಯಾಡ."

ಒಲೆ ಆರಿಸಿ, ತಟ್ಟೆ ಮುಚ್ಚಿ ನಮಾಜಿಗೆ ಹೋದೆ.

ಸಂಜೆ ಪ್ರಸನ್ನಕುಮಾರ್ ಬಂದ. ಚಮಚ ಬಾಯಿಗಿಟ್ಟವನೇ ನಲ್ಲಿ ಹತ್ರ ಓಡಿದ. ನೋಡಾಕೆ ಬಂದಿದ್ದ ಕೆಂಪಕ್ಕನೂ ನೆಕ್ಕಿ ಮುಖ ಕಿವುಚಿದಳು. "ಅಯ್ಯೋ ಶಿವನೇ, ಆಗ ಸರಿ ಇತ್ತಲ್ಲ! ಯಾರು ಕೈ ಹಾಕಿದ್ರು?"

"ಉಪ್ಪು ಮರೆತಿರ್ತಾಳೆ ಅಂತ ನಾನೊಂದು ಚಮಚ ಹಾಕಿದೆ" ಅಂದ್ರು ನಮ್ಮತ್ತೆ ಶಹರಬಾನು.

ನಮ್ಮನೆಯವರು ಕರೀಮ್ ತಲೆ ಕೆರ್ಕೊಂಡ್ರು. "ನಾನೂ ಹಾಕಿದೆ. ನಿಂದು ಯಾವಾಗ್ಲೂ ಸಪ್ಪೆ ಅಲ್ವಾ?"

ಮೈಯೆಲ್ಲ ಉರಿದು ಹೋಯ್ತು. "ಹಾಕಿದ್ದೀಯಾ ಅಂತ ಒಂದು ಮಾತು ಕೇಳಾಕೆ ಏನ್ರಿ ರೋಗ? ಊಟಕ್ಕೆ ಮಾತ್ರ ರೋಜಾ ಇಟ್ಟಿದ್ರೋ, ಮಾತಿಗೂ ಇಟ್ಟಿದ್ರೋ?"

"ಮೆತ್ತಗೆ, ಹೊರಗಿನವರು ಇದಾರೆ" ಅಂದ್ರು ಇವರು.

"ಇರ್ಲಿ, ಕೇಳಿಸ್ಕೊಳ್ಲಿ!" ಅಳು ಬಂತು. ನುಂಗಿಕೊಂಡೆ.

ಪ್ರಸನ್ನಕುಮಾರ್ ಚಪ್ಪಲಿ ಮೆಟ್ಟುತ್ತಾ, "ನಾಳೆ ಇನ್ನೊಂದು ಸಲ ನೋಡೋಣ ಅಕ್ಕ" ಅಂದ.

"ಈ ಮನೆಗೆ ಬರಬ್ಯಾಡಪ್ಪ. ಕೆಂಪಕ್ಕನ ಮನೆಗೆ ಬಾ. ಅವಳ ಒಲೆ ಮೇಲೆ ಮಾಡ್ತೀನಿ." ಕೆಂಪಕ್ಕ ಹೂಂ ಅಂದ್ಲು.

ಮಸೀದೀಲಿ ಸಂಜೆ ಬಾಂಗ್ ಆಯ್ತು. ಖರ್ಜೂರ, ನೀರು ಮುಗಿಯಿತು. ಪ್ರಸನ್ನಕುಮಾರ್‌ಗೆ ತೋರಿಸಾಕೆ ಅಂತ ಬೇಯಿಸಿದ್ದ ಪಾಸ್ತಾಕ್ಕೆ ಅಷ್ಟೂ ಸಾಸ್ ಕಲಸಿ ಇಬ್ಬರ ತಟ್ಟೆಗೂ ಬಡಿಸಿದೆ. ಅತ್ತೆ ಒಂದು ತುತ್ತು ತಿಂದು ತಟ್ಟೆ ಸರಿಸಿದರು. ಇವರು ಒಂದು ತುತ್ತು, ಒಂದು ಗುಟುಕು ನೀರು, ಹಂಗೇ ತಿಂತಾ ಕೂತರು. ನಾನು ಸೊಂಟಕ್ಕೆ ಕೈ ಕೊಟ್ಟು ಎದುರಿಗೇ ನಿಂತೆ.

"ಉಪ್ಪು ಹೆಂಗೈತೆ ರೀ?"

ತಲೆ ಎತ್ತಲಿಲ್ಲ. ಚೊಂಬಿನ ನೀರೆಲ್ಲ ಕುಡಿದು, "ಸರಿಯಾಗೈತೆ" ಅಂದ್ರು.

ಮದುವೆಯಾದಾಗಿಂದ ಆ ಮಾತು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.